ಫೋನಪ್ಪನ ಊರಿಗೆ

ಏಪ್ರಿಲ್ 27, ಭಾನುವಾರ

ನಾಳೆ ಬೆಳಿಗ್ಗೆ ಹೊರಡುವುದು. ಬ್ಯಾಗು ತುಂಬಿದ್ದಾಯಿತು. ಮೊಮ್ಮಗಳು ಗುಬ್ಬಿಯ ಬಟ್ಟೆಗಳನ್ನು ಬೇಕೆಂದೇ ಕಡಿಮೆ ಇಟ್ಟಿದ್ದೇನೆ. ಹೋಗಿ ಬರುವವರಿಗೆ ಎಷ್ಟು ಬೇಕೋ ಅಷ್ಟು. ಉಳಿಯಲು ಹೋಗುವವರ ಹಾಗೆ ತುಂಬಿಕೊಂಡು ಹೋದರೆ ನಾನೇ ಸೋಲೊಪ್ಪಿದ ಹಾಗಾಗುತ್ತದೆ.

ಆ ಮನುಷ್ಯ ಮಧ್ಯಾಹ್ನ ಬಂದ. ಯಾರದೋ ಹಳೆಯ ಕಾರು ಕೇಳಿ ತಂದಿದ್ದಾನೆ. ಬಾಗಿಲಲ್ಲಿ ನಿಂತು “ಚೆನ್ನಾಗಿದೀರಾ ಅತ್ತೆ” ಅಂದ. “ಇದೀನಿ, ನೀವು ಒಳಗೆ ಬನ್ನಿ” ಅಂದೆ. ಎದುರಿಗೆ ಮರ್ಯಾದೆಗೆ ಕೊರತೆ ಮಾಡುವವಳಲ್ಲ ನಾನು. ಇಲ್ಲಿ ಬರೆಯುವಾಗ ಯಾರ ಮುಲಾಜೂ ಇಲ್ಲ.

ನನ್ನ ಮಗಳು ಹೋದಾಗ ಗುಬ್ಬಿಗೆ ಎರಡು ವರ್ಷ, ಈಗ ನಾಲ್ಕು ದಾಟಿದೆ. ಬೆಳಿಗ್ಗೆ ತಲೆನೋವು ಅಂದವಳು ಸಂಜೆಗೆ ಇರಲಿಲ್ಲ. ಅವಳ ಗಂಡ, ಇದೇ ಮನುಷ್ಯ, ಯಾವುದೋ ಸಮುದ್ರದಲ್ಲಿ ಹಡಗಿನ ಎಂಜಿನ್ ನೋಡಿಕೊಳ್ಳುತ್ತಿದ್ದ. ಎಲ್ಲ ಮುಗಿದ ಮೇಲೆ ಬಂದ. ಒಂದಷ್ಟು ದಿನ ಗೋಡೆ ನೋಡುತ್ತ ಕೂತ. ಮತ್ತೆ ಹಡಗು ಹತ್ತಿದ. ಆಮೇಲಿನದೆಲ್ಲ ಫೋನಿನಲ್ಲಿ. ಗುಬ್ಬಿ ಅವನನ್ನು ಕರೆಯುವುದೇ ಫೋನಪ್ಪ ಎಂದು. ಇವತ್ತು ಅವನ ಸುತ್ತ ಒಂದು ಸುತ್ತು ಬಂದು, ಮೇಲಿಂದ ಕೆಳಗೆ ನೋಡಿ, ನನ್ನ ಕಿವಿಯಲ್ಲಿ ಹೇಳಿದಳು: “ಅಜ್ಜಿ, ಫೋನಪ್ಪಂಗೆ ಕಾಲೂ ಇದೆ.”

ಈಗ ಹಡಗಿನ ಸಹವಾಸ ಬಿಟ್ಟು ಬಂದರಿನ ವರ್ಕ್‌ಶಾಪಿನಲ್ಲಿ ಕೆಲಸ ಹಿಡಿದಿದ್ದಾನಂತೆ. ಮನೆ ಮಾಡಿದ್ದಾನಂತೆ. ಮಗಳು ಬೇಕಂತೆ. ನಾನು ಜಗಳ ಆಡಲಿಲ್ಲ. ಮಾತುಕತೆ ನಡೆದು ಇಷ್ಟಕ್ಕೆ ಬಂದು ನಿಂತಿದೆ: ಬೇಸಿಗೆ ರಜೆಯಲ್ಲಿ ಮೂವರೂ ಅಲ್ಲಲ್ಲಿ ಸುತ್ತಾಡಿಕೊಂಡು ನಿಧಾನವಾಗಿ ಅವನ ಊರು ಸೇರುವುದು. ಕೊನೆಗೆ ಗುಬ್ಬಿಯನ್ನೇ ಕೇಳುವುದು. ಇರುತ್ತೇನೆ ಅಂದರೆ ಇರಲಿ. ಇಲ್ಲ ಅಂದರೆ ನನ್ನ ಜೊತೆ ವಾಪಸ್.

ನನ್ನ ಬೆರಳು ಹಿಡಿಯದೆ ನಿದ್ದೆ ಮಾಡದ ಮಗು ಏನು ಹೇಳುತ್ತದೆಂದು ನನಗೆ ಗೊತ್ತು. ಅದಕ್ಕೇ ಒಪ್ಪಿದ್ದು.

ಏಪ್ರಿಲ್ 28, ಸೋಮವಾರ

ಗುಬ್ಬಿ ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡಳು. ಬಸ್ಸೇ ಆಗಲಿ, ಕಾರೇ ಆಗಲಿ, ಕಿಟಕಿ ತೆರೆದಿರದಿದ್ದರೆ ಅವಳಿಗೆ ಆಗುವುದಿಲ್ಲ. ಹೊರಡುವ ಮುಂಚೆ ಹಾಲು ಕುಡಿಸಲೇಬಾರದು. ಅವನು ಕಿಟಕಿ ಏರಿಸಿ ಎಸಿ ಹಾಕಿದ, ಪ್ರೀತಿಯಿಂದ ಒಂದು ಲೋಟ ಹಾಲೂ ಕುಡಿಸಿದ. ನಾನು ಪಕ್ಕದಲ್ಲೇ ಇದ್ದೆ. ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ.

ಸೀಟು ಒರೆಸುತ್ತ ಅವನು ಕೇಳಿದ, “ಯಾವಾಗಲೂ ಹೀಗೇನಾ ಅತ್ತೆ?”

“ನನ್ನ ಜೊತೆ ಯಾವತ್ತೂ ಆಗಿಲ್ಲಪ್ಪ” ಅಂದೆ.

ಸುಳ್ಳಲ್ಲ. ನನ್ನ ಹತ್ತಿರ ಕಾರೇ ಇಲ್ಲ.

ಲಾಡ್ಜಿನಲ್ಲಿ ಎರಡು ರೂಮು. ಒಂದು ನನಗೂ ಗುಬ್ಬಿಗೂ, ಇನ್ನೊಂದು ಅವನಿಗೆ. ಮಲಗುವ ಮುಂಚೆ ಕಥೆ ಹೇಳುತ್ತೇನೆಂದು ಬಂದ. ಕಥೆ ಹೇಳಲು ಬರುವುದಿಲ್ಲ. “ಒಂದಿತ್ತು ಹಡಗು, ಅದರಲ್ಲಿ ಎರಡು ಎಂಜಿನ್, ಒಂದು ಕೆಟ್ಟಿತ್ತು” ಅಂದ. ಗುಬ್ಬಿ ಕಾದಳು. ಅವನೂ ಕಾದ. ಕಥೆ ಮುಂದಕ್ಕೆ ಹೋಗಲೇ ಇಲ್ಲ. ನಾನು ದೀಪ ಆರಿಸಿದೆ.

ಮೇ 1, ಗುರುವಾರ

ಕೆರೆಯ ಹತ್ತಿರ ಇಳಿದುಕೊಂಡಿದ್ದೇವೆ. ದೊಡ್ಡ ಕೆರೆ. ಕಾಲಲ್ಲಿ ತುಳಿದು ನಡೆಸುವ ದೋಣಿಗಳಿವೆ, ಬಾತುಕೋಳಿಯ ಆಕಾರದವು. ಗುಬ್ಬಿಯದು ಬೆಳಿಗ್ಗೆಯಿಂದ ಅದೇ ಜಪ. ಅವನು ಟಿಕೆಟ್ ತಂದು, ಅವಳಿಗೆ ಕಿತ್ತಳೆ ಬಣ್ಣದ ಜಾಕೆಟ್ಟು ತೊಡಿಸಿ, ಬಕಲ್ ಒಂದೊಂದನ್ನೂ ಎಳೆದು ನೋಡುತ್ತಿದ್ದ. ದೋಣಿಯಲ್ಲಿ ಇಬ್ಬರಿಗೇ ಜಾಗ. ಅವರಿಬ್ಬರಿಗೆ.

“ಅವಳಿಗೆ ನೀರು ಅಂದ್ರೆ ಭಯ” ಅಂದೆ.

ಗುಬ್ಬಿ ನನ್ನ ಮುಖ ನೋಡಿದಳು. ನೀರಿನ ಕಡೆ ನೋಡಿದಳು. ಮತ್ತೆ ನನ್ನ ಮುಖ. ಆಮೇಲೆ ಜೋರಾಗಿ ಅಳು. ಜಾಕೆಟ್ಟು ಬಿಚ್ಚುವವರೆಗೂ ನಿಲ್ಲಿಸಲಿಲ್ಲ.

ಮಕ್ಕಳಿಗೆ ನೀರಿನ ಭಯ ಇರಬೇಕು. ಒಳ್ಳೆಯದೇ. ಇದರಲ್ಲಿ ನಾನು ಮಾಡಿದ್ದೇನೂ ಇಲ್ಲ.

ಅವನು ಖಾಲಿ ದೋಣಿಯನ್ನು ಸ್ವಲ್ಪ ಹೊತ್ತು ನೋಡಿ, ಟಿಕೆಟ್ಟನ್ನು ಬೇರೆ ಯಾರದೋ ಮಕ್ಕಳಿಗೆ ಕೊಟ್ಟ. ವಾಪಸ್ ಬರುವಾಗ ನನ್ನನ್ನು ಕೇಳಿದ, “ಮನೇಲಿ ಟಬ್ಬಲ್ಲಿ ಆಡೋ ವೀಡಿಯೋ ಕಳಿಸಿದ್ರಲ್ಲ ಅತ್ತೆ. ಆಗ ಭಯ ಇರಲಿಲ್ವಾ?”

“ಟಬ್ಬು ಬೇರೆ, ಕೆರೆ ಬೇರೆ.”

“ಹೌದು” ಅಂದ. ಅಷ್ಟೇ. ಎಲ್ಲದಕ್ಕೂ ಹೌದು ಅನ್ನುವವರನ್ನು ಕಂಡರೆ ನನಗಾಗುವುದಿಲ್ಲ. ಇಂಥವರ ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯುವುದು ಹೇಗೆ?

ಮೇ 2, ಶುಕ್ರವಾರ

ವಿಪರೀತ ಬಿಸಿಲು. ಇಡೀ ದಿನ ಕಾರು. ಕಿಟಕಿ ಇಳಿಸಿಯೇ ಓಡಿಸಿದ, ಹಾಲೂ ಕುಡಿಸಲಿಲ್ಲ. ಯಾರು ಹೇಳಿಕೊಟ್ಟರೋ. ಗುಬ್ಬಿ ಇರಬೇಕು.

ಮೇ 4, ಭಾನುವಾರ

ಬೆಳಿಗ್ಗೆ ಎಚ್ಚರವಾದಾಗ ಪಕ್ಕದಲ್ಲಿ ಮಗು ಇಲ್ಲ. ಬರಿಗಾಲಲ್ಲಿ ಹೊರಗೆ ಓಡಿದರೆ ಪಕ್ಕದ ರೂಮಿನ ಬಾಗಿಲು ತೆರೆದೇ ಇತ್ತು. ಅವನು ಮಂಚದ ತುದಿಯಲ್ಲಿ ಕೂತು ಅವಳಿಗೆ ಜಡೆ ಹಾಕುತ್ತಿದ್ದ. ಅದು ಜಡೆಯೋ ಹಗ್ಗವೋ. ಒಂದು ಕಿವಿಯ ಮೇಲೆ, ಇನ್ನೊಂದು ಕತ್ತಿನ ಹತ್ತಿರ. ಗುಬ್ಬಿ ಕನ್ನಡಿ ನೋಡಿಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ಅವನು ಮುಖ ಗಂಭೀರ ಮಾಡಿಕೊಂಡು, “ಹಡಗಲ್ಲಿ ಹೀಗೇ ಕಟ್ಟೋದು. ಬಿರುಗಾಳಿ ಬಂದ್ರೂ ಬಿಚ್ಚಲ್ಲ” ಅನ್ನುತ್ತಿದ್ದ.

“ಗುಬ್ಬಿ, ಬಾ” ಅಂದೆ. ಬರಲಿಲ್ಲ. ಮತ್ತೆ ಕರೆದೆ. “ತಾಳು ಅಜ್ಜಿ” ಅಂದಳು. ಇನ್ನೊಮ್ಮೆ ದನಿ ಏರಿಸಿದ ಮೇಲೆ ಬಂದಳು.

ಜಡೆ ಬಿಚ್ಚಿ ನಾನೇ ಸರಿಯಾಗಿ ಹಾಕಿದೆ. ಬಿಚ್ಚುವುದಕ್ಕೆ ಬಹಳ ಹೊತ್ತು ಹಿಡಿಯಿತು, ಅದೊಂದು ನಿಜ. ಬಿಚ್ಚುವಾಗ ಅವಳು ನಗಲಿಲ್ಲ.

ನಾನು ಹಲ್ಲಿನ ಸೆಟ್ ಮಾಡುವವಳು. ನಮ್ಮೂರಿನ ಅರ್ಧಕ್ಕರ್ಧ ಮುದುಕರು ನಗುವುದು ನನ್ನ ಕೈಯಿಂದ. ಲ್ಯಾಬಿನಲ್ಲಿ ಹೊಸ ಹುಡುಗಿಯರಿಗೆ ಹೇಳುತ್ತಿರುತ್ತೇನೆ: ಹಲ್ಲು ಬಾಯಿಗೆ ಕೂರಬೇಕಾದರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು, ಆದರೆ ಹೊಸ ಸೆಟ್ಟು ಮೊದಲ ವಾರ ಎಲ್ಲರಿಗೂ ಒತ್ತುತ್ತದೆ, ಅದಕ್ಕೆ ಹೆದರಬೇಡಿ ಎಂದು. ಯಾಕೆ ಇದನ್ನೆಲ್ಲ ಬರೆಯುತ್ತಿದ್ದೇನೋ. ಕೆಲಸ ನೆನಪಾಗುತ್ತಿದೆ. ಇಷ್ಟು ದಿನ ರಜೆ ಯಾವತ್ತೂ ಹಾಕಿಲ್ಲ.

ಮೇ 6, ಮಂಗಳವಾರ

ಇವತ್ತಿನದನ್ನು ನೆನೆಯಲೂ ಇಷ್ಟವಿಲ್ಲ. ಆದರೂ ಬರೆದಿಡುತ್ತೇನೆ.

ಗುಡ್ಡದ ಮೇಲಿನ ಲಾಡ್ಜು. ಹಳೆಯ ಕಟ್ಟಡ, ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಚಿಲಕ. ಬೆಳಿಗ್ಗೆ ತಿಂಡಿ ಆದ ಮೇಲೆ ಗುಬ್ಬಿ ಕೈ ತೊಳೆಯುತ್ತೇನೆಂದು ಹೋದಳು. ನಾನು ಹಾಸಿಗೆ ಸರಿಮಾಡುತ್ತಿದ್ದೆ. ಚಿಲಕ ಎಳೆದ ಸದ್ದು ಕೇಳಿತು. ಒಳಗಿನಿಂದ ನಗು. ಆಟ. ಆಮೇಲೆ ಕಟಕಟ ಸದ್ದು. ಆಮೇಲೆ “ಅಜ್ಜಿ, ಬರ್ತಾ ಇಲ್ಲ.”

“ಎಳಿ ಪುಟ್ಟ.” ಎಳೆದಳು. ಬರಲಿಲ್ಲ. ತಡಕಾಡುವಾಗ ಎಲ್ಲಿ ಕೈ ತಾಗಿತೋ, ಬಿಸಿನೀರಿನ ನಲ್ಲಿ ತಿರುಗಿತು. ನೀರು ಬೀಳುವ ಸದ್ದು. ಬಾಗಿಲ ಕೆಳಗಿನಿಂದ ಹಬೆ. “ಅಜ್ಜಿ ಬಿಸಿ, ಅಜ್ಜಿ ಕಾಲು” ಎಂದು ಕಿರುಚತೊಡಗಿದಳು. ನಾನೂ ಕಿರುಚಿದೆ. ಬಾಗಿಲು ಬಡಿದೆ. ನಾನು ಬಡಿದಷ್ಟೂ ಅವಳ ಕೂಗು ಏರಿತು.

ಅವನು ಓಡಿ ಬಂದ. ಗೋಡೆಯ ಮೇಲಿದ್ದ ಗೀಸರಿನ ಸ್ವಿಚ್ಚು ಆರಿಸಿದ. ಹಿಂದೆಯೇ ಲಾಡ್ಜಿನ ಮ್ಯಾನೇಜರು ಒಂದು ಹಾರೆ ಹಿಡಿದುಕೊಂಡು ಬಂದ. “ಒಡೀರಿ” ಅಂದೆ. ಇವನು ಬಾಗಿಲಿಗೆ ಅಡ್ಡ ನಿಂತ.

“ಬೇಡ. ಬಾಗಿಲು ಒಳಗಡೆಗೆ ಬೀಳುತ್ತೆ. ಅವಳು ಬಾಗಿಲಿಗೇ ಅಂಟಿಕೊಂಡು ನಿಂತಿದಾಳೆ.”

“ಒಡೀರಿ ಅಂದ್ನಲ್ಲ. ಮಗು ಬೇಯ್ತಾ ಇದೆ.”

“ಅತ್ತೆ, ನೀವು ಸ್ವಲ್ಪ ಹೊರಗೆ ಹೋಗಿ. ನೀವು ಅತ್ತರೆ ಅವಳು ಅಳ್ತಾಳೆ.”

ಎಷ್ಟು ತಣ್ಣಗೆ ಹೇಳಿದ. ಅಂಗಡಿಯಲ್ಲಿ ಚಿಲ್ಲರೆ ಕೇಳುವವನ ಹಾಗೆ. ಬಾಯಿಗೆ ಬಂದದ್ದನ್ನು ಹೇಳಿಯೇಬಿಟ್ಟೆ. “ನನ್ನ ಮಗಳು ಸಾಯುವಾಗಲೂ ನೀನು ಹೀಗೇ ತಣ್ಣಗೇ ಇದ್ದೆ ಅಲ್ವಾ? ಕಲ್ಲು ನೀನು. ಕಲ್ಲು.”

ಅವನು ನನ್ನ ಕಡೆ ತಿರುಗಲಿಲ್ಲ. ನೆಲದ ಮೇಲೆ ಉದ್ದಕ್ಕೆ ಮಲಗಿ, ಬಾಗಿಲ ಕೆಳಗಿನ ಸಂದಿಗೆ ಕೆನ್ನೆ ಇಟ್ಟ. ಮ್ಯಾನೇಜರು ನನ್ನ ತೋಳು ಹಿಡಿದು ರೂಮಿನ ಹೊರಗೆ ಕರೆದುಕೊಂಡು ಹೋದ. ವರಾಂಡದಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ.

“ಗುಬ್ಬಿ, ನಿನ್ನ ಕಾಲ್ಬೆರಳು ಕಾಣಿಸ್ತಾ ಇದೆ ನಂಗೆ. ನನ್ನ ಕಣ್ಣು ಕಾಣಿಸ್ತಿದೆಯಾ? ಬಗ್ಗಿ ನೋಡು.”

ಅಳು. ಬಿಕ್ಕು. ಆಮೇಲೆ, “ಒಂದೇ ಕಣ್ಣು.”

“ಇನ್ನೊಂದು ಮೇಲಿದೆ. ಈಗ ಕಿಟಕಿ ಹತ್ರ ಒಣಗಿರೋ ಜಾಗ ಇದೆಯಲ್ಲ, ಅಲ್ಲಿ ನಿಂತ್ಕೋ. ಬಿಸಿನೀರು ಮುಗಿಯೋವರೆಗೂ ಕಾಯೋಣ. ನಾನೂ ಇಲ್ಲೇ ಕಾಯ್ತೀನಿ. ಎಲ್ಲೂ ಹೋಗಲ್ಲ.”

ಎಷ್ಟು ಹೊತ್ತು ಕಾದರೋ. ನನಗಂತೂ ಯುಗ. ನಡುವೆ ಅವನು ಆ ಹಡಗಿನ ಕಥೆ ಹೇಳುತ್ತಿದ್ದ. ಕೆಟ್ಟ ಎಂಜಿನ್ನಿಗೆ ಒಬ್ಬ ಸ್ನೇಹಿತ ಸಿಕ್ಕಿದನಂತೆ, ಒಂದು ಚಿಕ್ಕ ನಟ್ಟು. ನೀರಿನ ಸದ್ದು ಹಾಗೇ ಇತ್ತು, ಹಬೆ ಮಾತ್ರ ಕರಗಿತು.

“ಈಗ ಸೋಪು ತಗೋ. ಚಿಲಕಕ್ಕೆ ಸ್ನಾನ ಮಾಡಿಸು. ಪಾಪ ಅದು ಯಾವ ಕಾಲದಲ್ಲಿ ಸ್ನಾನ ಮಾಡಿತ್ತೋ.”

ಗುಬ್ಬಿ ಬಿಕ್ಕುತ್ತಲೇ ನಕ್ಕ ಸದ್ದು. “ಕೊಳಕು ಚಿಲಕ.”

“ಬೆನ್ನಿಗೂ ಹಚ್ಚು. ಹೊಟ್ಟೆಗೂ. ಹಚ್ಚಿದೆಯಾ? ಈಗ ಅದರ ಕಿವಿ ಹಿಡಿದು ಮೇಲಕ್ಕೆತ್ತು. ಎತ್ತಿ, ಆಮೇಲೆ ಪಕ್ಕಕ್ಕೆ ಎಳಿ. ಬರಲಿಲ್ವಾ? ಪರವಾಗಿಲ್ಲ. ಮತ್ತೆ ಸೋಪು.”

ಮತ್ತೆ ಸೋಪು. ಮತ್ತೆ. ಕೊನೆಗೆ ಕಬ್ಬಿಣ ಜಾರಿದ ಸದ್ದು.

ನಾನು ಒಳಗೆ ಓಡಿದೆ. ಗುಬ್ಬಿ ಹೊರಗೆ ಬಂದಳು, ಮೈಯೆಲ್ಲ ನೊರೆ, ಪಾದ ಕೆಂಪು. ನನ್ನ ಹತ್ತಿರವೂ ಬರಲಿಲ್ಲ, ಅವನ ಹತ್ತಿರವೂ ಹೋಗಲಿಲ್ಲ. ಬಾಗಿಲಿನ ಕಡೆ ಕೈ ತೋರಿಸಿ, “ನಾನೇ ತೆಗೆದೆ” ಅಂದಳು. ಮ್ಯಾನೇಜರಿಗೂ ಹೇಳಿದಳು. ಹಾರೆಗೂ ಹೇಳಿರಬೇಕು.

ಪಾದಕ್ಕೆ ತಣ್ಣೀರು ಹುಯ್ದೆವು. ಡಾಕ್ಟರು ನೋಡಿ, ಬೊಬ್ಬೆ ಬಂದಿಲ್ಲ, ಮುಲಾಮು ಸಾಕು ಅಂದರು.

ಮಧ್ಯಾಹ್ನ ಅವಳು ನಿದ್ದೆ ಹೋದ ಮೇಲೆ ವರಾಂಡಕ್ಕೆ ಬಂದರೆ ಅವನು ಮೆಟ್ಟಿಲ ಮೇಲೆ ಕೂತಿದ್ದ. ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದಿದ್ದ, ಆದರೂ ಚಹಾ ತುಳುಕಿ ಪ್ಯಾಂಟಿನ ಮೇಲೆ ಬೀಳುತ್ತಿತ್ತು. ಲೋಟ ತೆಗೆದು ಕೆಳಗಿಟ್ಟೆ. ಪಕ್ಕದಲ್ಲಿ ಕೂತೆ. ಬೆಳಿಗ್ಗೆ ಆಡಿದ ಮಾತು ನಮ್ಮಿಬ್ಬರ ನಡುವೆ ಮೂರನೆಯವರ ಹಾಗೆ ಕೂತಿತ್ತು.

“ಅವತ್ತು ಸುದ್ದಿ ಬಂದಾಗ ದಡ ಎರಡು ವಾರ ದೂರ ಇತ್ತು ಅತ್ತೆ” ಅಂದ. “ಎಂಜಿನ್ ನಿಲ್ಲಿಸೋ ಹಾಗಿಲ್ಲ. ಅದು ಓಡಿದ್ರೇ ತಾನೆ ನಾನು ಮನೆಗೆ ಬರೋದು. ಹಾಗಾಗಿ ಓಡಿಸ್ತಾ ಇದ್ದೆ. ಇನ್ನೇನ್ ಮಾಡ್ಲಿ?”

“ಚಹಾ ಆರೋಯ್ತು, ಇನ್ನೊಂದು ತರಿಸ್ತೀನಿ ಇರು” ಎಂದು ಎದ್ದೆ.

ಮೇ 7, ಬುಧವಾರ

ಪಯಣ ಇಲ್ಲ. ಗುಬ್ಬಿಗೆ ವಿಶ್ರಾಂತಿ. ಅವಳು ಸಿಕ್ಕಿದವರಿಗೆಲ್ಲ ಚಿಲಕದ ಕಥೆ ಹೇಳುತ್ತಿದ್ದಾಳೆ. ಪ್ರತಿ ಸಲ ಚಿಲಕ ದೊಡ್ಡದಾಗುತ್ತಿದೆ.

ಮಾತಿಗೆ ಮಾತು ಬಂದು ಅವಳ ಅಪ್ಪನಿಗೆ ಒಂದೆರಡು ವಿಷಯ ಹೇಳಿದೆ. ಫ್ಲಶ್ ಸದ್ದಿಗೆ ಹೆದರುತ್ತಾಳೆ, ಮೊದಲೇ ಹೇಳಿ ಎಳೆಯಬೇಕು. ಜ್ವರ ಬರುವ ಹಿಂದಿನ ದಿನ ತುಂಬಾ ಒಳ್ಳೆಯ ಮಗುವಾಗುತ್ತಾಳೆ, ಆಗ ಹುಷಾರಾಗಿರಬೇಕು. ಊಟ ಬೇಡ ಅಂದರೆ ಒತ್ತಾಯ ಮಾಡದೆ ತಟ್ಟೆ ನಮ್ಮ ಹತ್ತಿರ ಎಳೆದುಕೊಳ್ಳಬೇಕು. ಅವನು ಬರೆದುಕೊಳ್ಳಲೇ ಎಂದು ಕೇಳಿದ. “ಪರೀಕ್ಷೆ ಇದೆಯಾ ನಿಂಗೆ? ಸುಮ್ನೆ ಕೇಳು” ಅಂದೆ.

ಹೊತ್ತು ಹೋಗಬೇಕಲ್ಲ, ಅದಕ್ಕೆ ಹೇಳಿದ್ದು.

ಮೇ 9, ಶುಕ್ರವಾರ

ಅವನ ಊರು. ಸಮುದ್ರದ ಗಾಳಿ ಅಂಟಂಟು. ಎರಡನೆಯ ಮಹಡಿಯಲ್ಲಿ ಚಿಕ್ಕ ಮನೆ. ನಾನು ಮೂಲೆಮೂಲೆ ಬಿಡದೆ ಎಲ್ಲ ನೋಡಿದೆ. ಅಡುಗೆಮನೆಯಲ್ಲಿ ಒಂದೇ ಬಾಣಲೆ. ಕಿಟಕಿಗೆ ಸರಳು ಇದೆ, ಗಟ್ಟಿಯಾಗಿದೆ, ಅಲುಗಾಡಿಸಿ ನೋಡಿದೆ. ಟವೆಲ್ ಸಿಕ್ಕಿಸುವ ಕೊಕ್ಕೆ ನನ್ನ ಸೊಂಟದಷ್ಟಕ್ಕೇ ಇದೆ. ಇಷ್ಟು ಕೆಳಗೆ ಯಾರು ಹೊಡೆಯುತ್ತಾರೆ ಎಂದು ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಗುಬ್ಬಿ ಬಂದು ತನ್ನ ಟವೆಲ್ ಸಿಕ್ಕಿಸಿ ಹೋದಳು.

ಕೆಳಗಿನ ಮನೆಯಲ್ಲಿ ರಿಟೈರ್ ಆದ ಟೀಚರೊಬ್ಬರು ಹಗಲು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಹೋಗಿ ಮಾತಾಡಿಸಿ ಬಂದೆ. ಹಲ್ಲು ಅವರದೇ, ಒಳ್ಳೆಯ ಸಾಲು. ಮಕ್ಕಳು ಅವರ ಮೈಮೇಲೆ ಹತ್ತಿ ಇಳಿಯುತ್ತಿದ್ದವು. ಹೆಂಗಸಿನಲ್ಲಿ ದೋಷ ಹುಡುಕಿದೆ. ಸ್ವಲ್ಪ ಮಾತು ಜಾಸ್ತಿ, ಅಷ್ಟೇ.

ಸಂಜೆ ಅಳಿಯ ಸ್ಕ್ರೂಡ್ರೈವರ್ ತಂದು ಎಲ್ಲ ಬಾಗಿಲುಗಳ ಒಳಚಿಲಕ ಬಿಚ್ಚಿದ. ಗುಬ್ಬಿ ಸ್ಕ್ರೂ ಹಿಡಿದುಕೊಳ್ಳುವವಳು. “ಅಜ್ಜಿ ಸ್ನಾನಕ್ಕೆ ಹೋದ್ರೆ?” ಎಂದು ಕೇಳಿದಳು. “ಅಜ್ಜಿ ಹಾಡು ಹೇಳ್ಬೇಕು. ಹಾಡು ಕೇಳಿಸಿದ್ರೆ ಯಾರೂ ಒಳಗೆ ಹೋಗಲ್ಲ” ಅಂದ. ನನ್ನ ಕಂಠಕ್ಕೆ ಆ ಶಕ್ತಿ ಇದೆ ನಿಜ.

ನಾಡಿದ್ದು ನನ್ನ ರೈಲು. ಗುಬ್ಬಿಗೂ ಒಂದು ಟಿಕೆಟ್ ಮಾಡಿಸಿದ್ದೇನೆ. ಅವನಿಗೂ ಗೊತ್ತು.

ನಿದ್ದೆಯಲ್ಲಿ ಅವಳು ಇನ್ನೂ ನನ್ನ ಬೆರಳನ್ನೇ ಹಿಡಿಯುವುದು. ನಾಡಿದ್ದು ಏನು ಹೇಳುತ್ತಾಳೆಂದು ಗೊತ್ತಿದೆ. ಗೊತ್ತಿದ್ದರೂ ಊಟ ಸೇರುತ್ತಿಲ್ಲ.

ಮೇ 11, ಭಾನುವಾರ

ರೈಲಿನಲ್ಲಿ ಬರೆಯುತ್ತಿದ್ದೇನೆ. ಎದುರಿನ ಸೀಟು ಖಾಲಿ. ಟಿಕೆಟ್ ಕಲೆಕ್ಟರ್ ಬಂದು “ಇನ್ನೊಬ್ಬರು ಎಲ್ಲಿ” ಎಂದು ಕೇಳಿದ. “ಬರಲಿಲ್ಲ” ಅಂದೆ.

ಬೆಳಿಗ್ಗೆ ನಡೆದದ್ದು ಇದು. ನಾನು ತಯಾರಾಗಿ ಮುಂದಿನ ಕೋಣೆಯಲ್ಲಿ ಕೂತೆ. ಅಳಿಯ ಗುಬ್ಬಿಯ ಮುಂದೆ ಮಂಡಿಯೂರಿ ಕೂತ. ರಾತ್ರಿ ನಿದ್ದೆ ಮಾಡಿದವನ ಕಣ್ಣಲ್ಲ. “ಗುಬ್ಬಿ, ಅಜ್ಜಿ ಊರಿಗೆ ಹೋಗ್ತಿದಾರೆ. ನೀನು ಇಲ್ಲಿ ನನ್ನ ಹತ್ರ ಇರ್ತೀಯಾ, ಅಜ್ಜಿ ಜೊತೆ ಹೋಗ್ತೀಯಾ? ಯಾವುದು ಹೇಳಿದ್ರೂ ನಂಗೆ ಕೋಪ ಇಲ್ಲ.”

ಗುಬ್ಬಿ ಅವನನ್ನು ನೋಡಲಿಲ್ಲ. ನನ್ನ ಮುಖ ನೋಡಿದಳು. ಕೆರೆಯ ಹತ್ತಿರ ನೋಡಿದ ಹಾಗೇ. ನಾನು ಮುಖವನ್ನು ಎಲ್ಲಿಡಬೇಕೆಂದು ತಿಳಿಯದೆ ಬ್ಯಾಗಿನ ಜಿಪ್ಪು ನೋಡಿದೆ.

“ಅಜ್ಜಿ ಜೊತೆ” ಅಂದಳು, ಮೆಲ್ಲಗೆ.

ಅವನು ತಲೆಯಾಡಿಸಿದ. ಎದ್ದು ಒಳಗೆ ಹೋಗಿ ಅವಳ ಬ್ಯಾಗು ತಂದ. ಆಗಲೇ ತುಂಬಿಸಿ ಇಟ್ಟಿದ್ದ, ಬಟ್ಟೆ ಮಡಿಸಿ, ಪಾದದ ಮುಲಾಮು ಮೇಲೆಯೇ ಸಿಗುವ ಹಾಗೆ. “ಮಾತು ಅಂದ್ರೆ ಮಾತು ಅತ್ತೆ. ಸ್ಟೇಷನ್‌ಗೆ ಬಿಡ್ತೀನಿ” ಎಂದು ಅವಳಿಗೆ ಶೂ ಹಾಕಲು ಕೂತ. ಎಡದ್ದು ಬಲದ್ದು ಅದಲುಬದಲಾಯಿತು. ಬಿಚ್ಚಿ ಮತ್ತೆ ಹಾಕಿದ.

ನಾನು ಗೆದ್ದಿದ್ದೆ. ಎರಡು ವಾರದಿಂದ ಕಾದದ್ದು ಇದಕ್ಕೇ.

ಮೆಟ್ಟಿಲು ಇಳಿಯುವಾಗ ಅವನು ಕಾರು ತೆಗೆಯಲು ಮುಂದೆ ಹೋದ. ಗುಬ್ಬಿ ನನ್ನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತ ಕೇಳಿದಳು. “ಅಜ್ಜಿ, ಈಗ ಅಪ್ಪ ವಾಪಸ್ ಫೋನ್ ಒಳಗೆ ಹೋಗ್ತಾರಾ?”

ನಿಂತುಬಿಟ್ಟೆ. ಈ ಮಗುವನ್ನು ನಾವಿಬ್ಬರೂ ಸೇರಿ ಏನು ಕೇಳಿದ್ದೆವು? ಯಾರನ್ನು ಫೋನಿನೊಳಗೆ ಹಾಕಲಿ ಎಂದು. ಅವಳು ನನ್ನ ಮುಖದಲ್ಲಿ ಉತ್ತರ ಓದಿ ಒಪ್ಪಿಸಿದ್ದಳು. ಆ ಭಾರವನ್ನು ಅವಳು ಎಷ್ಟು ವರ್ಷ ಹೊರಬೇಕಾಗಿತ್ತು? ಹೊರುವುದಿದ್ದರೆ ದೊಡ್ಡವರು ಹೊರಲಿ.

ಕೆಳಗೆ ಕಾರಿನ ಹತ್ತಿರ ಬಂದು ಅವಳ ಕೈಯಿಂದ ನನ್ನ ಬೆರಳು ಬಿಡಿಸಿಕೊಂಡೆ.

“ನಾನು ನಿನ್ನ ಕರ್ಕೊಂಡು ಹೋಗಲ್ಲ ಗುಬ್ಬಿ. ನೀನು ಅಪ್ಪನ ಹತ್ರ ಇರ್ಬೇಕು.”

“ನಾನು ಬರ್ತೀನಿ ಅಂದ್ನಲ್ಲ.”

“ಅಂದೆ. ಅಜ್ಜಿ ಬೇಡ ಅಂತಿದೀನಿ. ನಿಂದೇನೂ ಇಲ್ಲ ಇದರಲ್ಲಿ. ನಾನೇ ಬೇಡ ಅಂದಿದ್ದು.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಎರಡೂ ಮುಷ್ಟಿ ಕಟ್ಟಿ ನನ್ನ ಹೊಟ್ಟೆಗೆ ಗುದ್ದಿದಳು. “ಅಜ್ಜಿ ಕೆಟ್ಟೋಳು. ಅಜ್ಜಿ ಕೆಟ್ಟೋಳು.” ಗುದ್ದಿ ಗುದ್ದಿ ಸಾಕಾಗಿ ತಿರುಗಿ ಓಡಿದಳು. ಓಡಿದ್ದು ಅವನ ಕಡೆಗೆ. ಅವನ ಕಾಲು ತಬ್ಬಿ ಮುಖ ಮುಚ್ಚಿಕೊಂಡು ಅತ್ತಳು. ಅವನು ಎತ್ತಿಕೊಂಡ. ಅವಳ ಬಾಯಿ ಅವನ ಭುಜದ ಮೇಲೆ, ಶರಟೆಲ್ಲ ಒದ್ದೆ.

“ಅತ್ತೆ, ಹೀಗೆ ಯಾಕೆ” ಅಂದ.

“ಮೇಲೆ ಕರ್ಕೊಂಡು ಹೋಗು. ಬಿಸಿಲಿದೆ” ಅಂದೆ. “ನಾನು ಆಟೋದಲ್ಲಿ ಹೋಗ್ತೀನಿ. ಮಧ್ಯಾಹ್ನ ಊಟ ಬೇಡ ಅಂತಾಳೆ, ಒತ್ತಾಯ ಮಾಡ್ಬೇಡ.”

ಹಿಂದಿರುಗಿ ನೋಡಲಿಲ್ಲ. ಬೀದಿ ತಿರುವಿನವರೆಗೂ ಅವಳ ದನಿ ಕೇಳುತ್ತಿತ್ತು.

ಮೇ 13, ಮಂಗಳವಾರ

ಲ್ಯಾಬಿಗೆ ಹೋದೆ. ಕೆಳಸಾಲಿನ ಹಲ್ಲಿನ ಸೆಟ್ಟು ಒಂದನ್ನು ಹಾಳು ಮಾಡಿದೆ. ಮತ್ತೆ ಮಾಡಬೇಕು.

ಸಂಜೆ ಅಳಿಯ ಫೋನ್ ಮಾಡಿದ. ಕೆಳಗಿನ ಟೀಚರ ಹತ್ತಿರ ಚೆನ್ನಾಗಿ ಆಡಿದಳಂತೆ. ರಾತ್ರಿ ಮಾತ್ರ ಅಳು. ಈಗ ಅವನ ಕಿವಿ ಹಿಡಿದು ಮಲಗುತ್ತಾಳಂತೆ, ನೋಯುತ್ತದಂತೆ. “ಗುಬ್ಬಿ, ಅಜ್ಜಿ ಫೋನು” ಎಂದು ಕರೆದ. ದೂರದಿಂದ ಅವಳ ದನಿ ಬಂತು: “ನಂಗೆ ಬೇಡ.”

“ಬಿಡು, ಒತ್ತಾಯ ಮಾಡ್ಬೇಡ” ಅಂದೆ.

ಮೇ 15, ಗುರುವಾರ

ಬೇಡ ಅಂದಳಂತೆ.

ಮೇ 18, ಭಾನುವಾರ

ಮನೆ ಒರೆಸಿದೆ. ಮಂಚದ ಕೆಳಗೆ ಬಣ್ಣದ ಪೆನ್ಸಿಲ್ಲುಗಳು ಸಿಕ್ಕವು, ಒಂದು ಡಬ್ಬಿಗೆ ಹಾಕಿಟ್ಟೆ. ಮುಂದಿನ ತಿಂಗಳು ಒಂದು ವಾರ ಬನ್ನಿ ಎಂದು ಅಳಿಯ ಕರೆದಿದ್ದಾನೆ. ಲ್ಯಾಬಿನ ಯಜಮಾನರನ್ನು ಮತ್ತೆ ರಜೆ ಕೇಳಬೇಕು. ಬಾಣಲೆ ಒಂದು ಕೊಂಡುಕೊಂಡು ಹೋಗುವುದು.

ಊಟಕ್ಕೆ ಕೂತಾಗ ಫೋನು ಬಂತು. ಅಳಿಯನ ನಂಬರು. ಎತ್ತಿದೆ. ಮಾತಿಲ್ಲ. ಉಸಿರಾಟ ಮಾತ್ರ, ಫೋನಿಗೆ ಬಾಯಿ ತೀರಾ ಹತ್ತಿರ ಇಟ್ಟುಕೊಂಡವರ ಉಸಿರಾಟ. ಅನ್ನ ಕಲಸಿದ ಕೈ ಹಾಗೇ ಒಣಗಿತು.

“ಅಜ್ಜಿ” ಅಂದಳು ಕೊನೆಗೆ. “ನೀನು ಇನ್ನೂ ಕೆಟ್ಟೋಳೇನಾ?”

“ಸ್ವಲ್ಪ” ಅಂದೆ.

ಅವಳು ಯೋಚನೆ ಮಾಡಿದಳು. ಹಿಂದೆ ಎಲ್ಲೋ ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಿತ್ತು.

“ಹಾಗಾದ್ರೆ ನಾಳೆ ಮಾಡ್ತೀನಿ” ಎಂದು ಇಟ್ಟುಬಿಟ್ಟಳು.